ನೆಟ್ ಬರ್ತಿಲ್ಲ, ಐಪಿ 169.254 ಅಂತ ತೋರಿಸುತ್ತಿದೆಯಾ?

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಬರೋದು ಇದ್ದಿದ್ದೇ ಅಲ್ವಾ, ಮೊನ್ನೆ ಹಾಗಾದ ಮೇಲೆ ಮೊಬೈಲ್‌ಗೆ ವೈಫೈ ಸರಿಯಾಗಿ ಬರುತ್ತಿತ್ತು, ಕಂಪ್ಯೂಟರ್‌ಗೆ ಮಾತ್ರ ನೆಟ್ ಇಲ್ಲ. ಕಂಪ್ಯೂಟರ್‌ನ ಐಪಿ, ಅಂದ್ರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ನೋಡೋಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಕೊಟ್ಟೆ. 169.254ರಿಂದ ಶುರುವಾಗುವ ನಂಬರ್ ಬಂತು. ಅಂದ್ರೆ ರೂಟರ್‌ನಲ್ಲಿ ಈ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಸಿಗದೆ ವಿಂಡೋಸ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಅಂತ. ಹಳೇ ವಿಳಾಸ ಬಿಟ್ಟು ಹೊಸದು ಕೇಳುವ ರಿಲೀಸ್, ರಿನ್ಯೂ ಎರಡೂ ಮಾಡಿದೆ, ಜಗ್ಗಲಿಲ್ಲ. ರೂಟರ್ ತಂಟೆಗೆ ಹೋಗಲಿಲ್ಲ, ಮೊಬೈಲ್‌ಗೆ ಬರುತ್ತಿತ್ತಲ್ಲ. ಕೊನೆಗೆ ಮೇಜಿನ ಕೆಳಗೆ ಬಗ್ಗಿದರೆ, ರೂಟರ್‌ಗೂ ಕಂಪ್ಯೂಟರ್‌ಗೂ ನಡುವೆ ಇರುವ ಆ ಪುಟ್ಟ ನೆಟ್‌ವರ್ಕ್ ಸ್ವಿಚ್ (ನೆಟ್ ಕೇಬಲ್‌ಗಳನ್ನು ಜೋಡಿಸುವ ಡಬ್ಬಿ), ಧೂಳು ಹಿಡಿದು ಕೂತಿದ್ದು, ಅದರ ಹಸಿರು ಲೈಟ್‌ಗಳು ಒಂದೂ ಮಿನುಗದೆ ಸುಮ್ನೆ ಉರಿಯುತ್ತಿದ್ದವು. ಅದರ ಕರೆಂಟ್ ಪಿನ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ ಮತ್ತೆ ರಿನ್ಯೂ ಕೊಟ್ಟೆ, ರೂಟರ್ ಕೊಡುವ 192.168ರ ವಿಳಾಸ ಬಂತು. ಯಾವಾಗಲಾದರೂ ಐಪಿ ಕೈಯಲ್ಲಿ ಹಾಕಿದ್ದರೆ ಅದನ್ನೂ ಆಟೋಮ್ಯಾಟಿಕ್‌ಗೆ ಬದಲಿಸಿ ನೋಡಿ.