ಮಕ್ಕಳೊಂದಿಗೆ ಗೋಕರ್ಣದಲ್ಲಿ ಮೂರು ದಿನ: ಕಡಲಿನ ಗಡಿಯಾರ ನೋಡಿ ಹೀಗೆ ಹೊರಡಿ

ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಘಟ್ಟದ ಮೇಲಿನ ನೆಂಟರ ಫೋನು ಶುರು. "ಮಕ್ಕಳು ಸಮುದ್ರ ಸಮುದ್ರ ಅಂತ ಕುಣೀತಿದಾವೆ, ಯಾವಾಗ ಬರೋಣ?" ನಮ್ಮ ಮನೆ ಕುಮಟಾ ಕಡೆ. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಒಂದಲ್ಲ ಒಂದು ಕುಟುಂಬವನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಖುಷಿಯ ಕೆಲಸ.

ಹೆಚ್ಚಿನವರು ಮಾಡುವ ತಪ್ಪು ಒಂದೇ. ನಿಧಾನಕ್ಕೆ ಎದ್ದು, ತಿಂಡಿ ತಿಂದು, ಹನ್ನೊಂದು ಗಂಟೆಗೆ ಬೀಚಿಗೆ ಇಳಿಯುತ್ತಾರೆ. ಅಷ್ಟರಲ್ಲಿ ಮರಳು ಕಾದ ಹೆಂಚಾಗಿರುತ್ತದೆ. ಅರ್ಧ ಗಂಟೆಯಲ್ಲಿ ಮಗು ಅಳುತ್ತದೆ, ಅಜ್ಜಿಗೆ ತಲೆನೋವು ಬರುತ್ತದೆ, ಎಲ್ಲರೂ ರೂಮಿಗೆ ವಾಪಸ್. ಕರಾವಳಿಯ ಬೇಸಿಗೆಯಲ್ಲಿ ದಿನವನ್ನು ನಮ್ಮ ಗಡಿಯಾರದಂತೆ ನಡೆಸಲು ಆಗುವುದಿಲ್ಲ. ಬಿಸಿಲು ಮತ್ತು ಕಡಲಿನ ಉಬ್ಬರ ಇಳಿತ ಹೇಳಿದಂತೆ ಕೇಳಬೇಕು. ಇದೊಂದನ್ನು ಒಪ್ಪಿಕೊಂಡರೆ ಅದೇ ಊರು, ಅದೇ ಮರಳು, ಮಕ್ಕಳಿಗೆ ಬೇರೆಯೇ ಆಗಿ ಕಾಣುತ್ತದೆ.

1. ಟಿಕೆಟ್ ತೆಗೆಯುವ ಮೊದಲು ಪಂಚಾಂಗ ನೋಡಿ

ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಲು ಸುಮಾರು ಆರು ಗಂಟೆ, ಇಳಿಯಲು ಸುಮಾರು ಆರು ಗಂಟೆ. ಈ ಹೊತ್ತು ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಎರಡೂ ಸಣ್ಣದು.

ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಕಡಲು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ತುಂಬುತ್ತದೆ. ಸಂಜೆ ಐದರ ಸುಮಾರಿಗೆ ಚೆನ್ನಾಗಿ ಇಳಿದಿರುತ್ತದೆ. ಅಂದರೆ ಬಿಸಿಲು ತಗ್ಗುವ ಹೊತ್ತಿಗೆ ಸರಿಯಾಗಿ ಅಗಲವಾದ, ಒದ್ದೆಯಾದ, ಗಟ್ಟಿ ಮರಳು ಮಕ್ಕಳಿಗೆ ಸಿಗುತ್ತದೆ. ನಾನು ನೆಂಟರಿಗೆ ಹೇಳುವುದು ಇದನ್ನೇ: ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಹಿಡಿದು ಮೂರು ದಿನ ಇಟ್ಟುಕೊಳ್ಳಿ. ಹುಣ್ಣಿಮೆಯಾದರೆ ರಾತ್ರಿ ಬೆಳದಿಂಗಳೂ ಸಿಕ್ಕಿತು. ಆಯಾ ದಿನದ ನಿಖರ ಹೊತ್ತು ಬೇಕಿದ್ದರೆ ಮೊಬೈಲಿನಲ್ಲಿ ಕಾರವಾರದ ಉಬ್ಬರ ಇಳಿತದ ಪಟ್ಟಿ ನೋಡಿ. ದಡದಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಏಪ್ರಿಲ್‌ನಿಂದ ಮೇ ಎರಡನೇ ವಾರದೊಳಗೆ ಬಂದರೆ ಒಳ್ಳೆಯದು. ಆಮೇಲೆ ಮಳೆಗಾಲದ ಮುಂಚಿನ ಗಾಳಿಗೆ ಕಡಲು ಒರಟಾಗುತ್ತ ಹೋಗುತ್ತದೆ.

2. ಬರುವುದು, ಉಳಿಯುವುದು

ಬೆಂಗಳೂರಿನಿಂದ ಕಾರವಾರಕ್ಕೆ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ರಾತ್ರಿ ಮಲಗಿ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಊರಿಗೆ ಆಟೋ ಇದೆ. ಹುಬ್ಬಳ್ಳಿ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಯಲ್ಲಾಪುರ, ಅಂಕೋಲಾ ದಾರಿ. ಅರಬೈಲು ಘಟ್ಟ ಇಳಿಯುವ ಮೊದಲು ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ತಿರುವುಗಳಲ್ಲಿ ವಾಂತಿ ಗ್ಯಾರಂಟಿ.

ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಊರೊಳಗೇ, ದೊಡ್ಡ ಬೀಚಿನ ಹತ್ತಿರ ರೂಮು ಮಾಡಿ. ಕುಡ್ಲೆ ಮತ್ತು ಓಂ ಬೀಚ್ ಚೆಂದವೇ. ಆದರೆ ಎರಡಕ್ಕೂ ಗುಡ್ಡ ಇಳಿದು ಹತ್ತಬೇಕು. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ನಡೆಯುವ ವಯಸ್ಸಿನವರಿಗೆ. ಸಣ್ಣ ಮಕ್ಕಳಿದ್ದರೆ ಈ ಸಲ ಬಿಟ್ಟುಬಿಡಿ. ಐದು ಬೀಚು ಮುಗಿಸಿದೆವು ಎಂದು ಲೆಕ್ಕ ಹಾಕುವುದರಲ್ಲಿ ಮಕ್ಕಳಿಗೆ ಏನೂ ಖುಷಿಯಿಲ್ಲ. ಒಂದೇ ಬೀಚಿಗೆ ಮೂರು ಸಲ ಹೋದರೆ ಅವರಿಗೆ ಅದು ತಮ್ಮದೇ ಅಂಗಳ ಆಗುತ್ತದೆ.

3. ಬೆಳಿಗ್ಗೆ ಆರೂವರೆಗೆ ಮರಳಿನ ಮೇಲಿರಿ

ಇದು ಪಶ್ಚಿಮ ಕಡಲು. ಸೂರ್ಯ ನಮ್ಮ ಬೆನ್ನ ಹಿಂದೆ, ಗುಡ್ಡ ಮತ್ತು ತೆಂಗಿನ ಮರಗಳ ಆಚೆ ಹುಟ್ಟುತ್ತಾನೆ. ಹಾಗಾಗಿ ಬೆಳಗಿನ ಮೊದಲ ಹೊತ್ತು ಮರಳು ತಣ್ಣಗೆ, ನೆರಳು ನೆರಳಾಗಿ ಇರುತ್ತದೆ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಕೊಟ್ಟು ಮಕ್ಕಳನ್ನು ಹೊರಡಿಸಿ. ತಿಂಡಿ ಆಮೇಲೆ.

ದೇವಸ್ಥಾನದ ಎದುರಿನ ಜನಜಂಗುಳಿಯಲ್ಲಿ ನಿಲ್ಲದೆ ಬಲಕ್ಕೆ, ಉತ್ತರ ದಿಕ್ಕಿಗೆ ಹತ್ತು ನಿಮಿಷ ನಡೆಯಿರಿ. ಜನ ಕಡಿಮೆಯಾಗುತ್ತಾರೆ, ದೋಣಿಗಳು ಕಾಣುತ್ತವೆ. ಅದೃಷ್ಟ ಇದ್ದರೆ ಎಂಡಿ ಬಲೆ, ಅಂದರೆ ಕಡಲಲ್ಲಿ ಬಿಟ್ಟು ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯುವುದು ನೋಡಲು ಸಿಗುತ್ತದೆ. ಎರಡು ಕಡೆ ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. "ಮಕ್ಕಳು ಒಂಚೂರು ಹಗ್ಗ ಹಿಡೀಬಹುದಾ?" ಎಂದು ಮೊದಲು ಕೇಳಿ. ಒಪ್ಪಿದರೆ ಸಾಲಿನ ಕೊನೆಯಲ್ಲಿ ನಿಲ್ಲಿಸಿ. ಕಳೆದ ವರ್ಷ ನನ್ನ ತಂಗಿಯ ಮಗ ಹಾಗೆ ಹಗ್ಗ ಹಿಡಿದ. ಬಲೆ ದಡಕ್ಕೆ ಬಂದು ತಾರ್ಲೆ ಮೀನು ಪಟಪಟ ಹಾರುವಾಗ "ಇದು ನಾವು ಹಿಡಿದಿದ್ದು" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ. ಅದು ಅವರ ದುಡಿಮೆ, ನಮ್ಮ ಫೋಟೋಕ್ಕೆ ಇಟ್ಟ ಆಟ ಅಲ್ಲ ಅನ್ನುವುದು ನೆನಪಿರಲಿ. ಮೀನು ಬೇಕಿದ್ದರೆ ಅಲ್ಲೇ ದುಡ್ಡು ಕೊಟ್ಟು ಕೊಳ್ಳಿ.

ಇಳಿತದ ಹೊತ್ತಾಗಿದ್ದರೆ ಒದ್ದೆ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂರಿ. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು, ಒಂದು ಸಣ್ಣ ತೂತಿನ ಸುತ್ತ ರಂಗೋಲಿಯ ಹಾಗೆ ಹರಡಿರುತ್ತವೆ. ಇದು ಪುಟ್ಟ ಏಡಿಯ ಊಟದ ಎಲೆ. ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿ ಅಂಟಿದ ಆಹಾರ ಮಾತ್ರ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಪಕ್ಕಕ್ಕಿಡುತ್ತದೆ. ನೀರು ಮತ್ತೆ ಏರಿದಾಗ ರಂಗೋಲಿ ಅಳಿಸಿಹೋಗುತ್ತದೆ. ಮುಂದಿನ ಇಳಿತಕ್ಕೆ ಹೊಸದು. ಏಡಿ ನೋಡಬೇಕೆಂದರೆ ಅಲುಗಾಡದೆ ಐದು ನಿಮಿಷ ಕೂರಬೇಕು. ಮನೆಯಲ್ಲಿ ಎರಡು ನಿಮಿಷ ಕೂರದ ಮಕ್ಕಳು ಇಲ್ಲಿ ಉಸಿರು ಬಿಗಿಹಿಡಿದು ಕೂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎಂಟೂವರೆಗೆ ಎದ್ದುಬಿಡಿ. ಇನ್ನೂ ಇರೋಣ ಎಂದು ಹಟ ಮಾಡುತ್ತಾರೆ. ಸಂಜೆ ಮತ್ತೆ ಬರುತ್ತೇವೆ ಎಂದು ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ.

4. ನೀರಿಗೆ ಇಳಿಯುವ ನಿಯಮ

ಇದನ್ನು ಊರು ಬಿಡುವ ಮೊದಲೇ, ಮನೆಯಲ್ಲೇ ಹೇಳಿಕೊಡಿ. ಮಕ್ಕಳಿಗೆ ಮೊಣಕಾಲಿನವರೆಗೆ ಮಾತ್ರ ನೀರು. ಒಬ್ಬ ದೊಡ್ಡವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೊಬೈಲ್ ಇಲ್ಲದೆ ನಿಂತಿರಬೇಕು. ಜೀವರಕ್ಷಕರು ಬೇಡ ಎಂದ ಕಡೆ, ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬಾರದು.

ಕೆರೆ, ಹೊಳೆಯಲ್ಲಿ ಈಜು ಕಲಿತವರೇ ಇಲ್ಲಿ ಜಾಸ್ತಿ ಮೋಸ ಹೋಗುತ್ತಾರೆ. ಎರಡೂ ಬದಿ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿ ಸುಮ್ಮನೆ, ಶಾಂತವಾಗಿ ಕಾಣುತ್ತದೆ ಅಲ್ವಾ? ನೋಡಿದವರಿಗೆ ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ಮತ್ತೆ ಒಳಕ್ಕೆ ಓಡುವ ದಾರಿ ಎಷ್ಟೋ ಸಲ ಅದೇ. ಆ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಈಜಲು ಹೋಗಿ ದಣಿಯಬಾರದು. ದಡಕ್ಕೆ ಸಮನಾಗಿ, ಅಡ್ಡಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು. ಇನ್ನೊಂದು, ಓಂ ಬೀಚಿನ ಬಂಡೆಗಳ ಮೇಲೆ ಪಾಚಿ ಇರುತ್ತದೆ. ಅಲ್ಲಿ ನಿಂತು ಫೋಟೋ ಬೇಡ. ದಯವಿಟ್ಟು ಬೇಡ.

5. ಹತ್ತರಿಂದ ನಾಲ್ಕು, ನೆರಳಿನ ಪಾಳಿ

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಹಾಗಾಗಿ ಮೈ ತಣಿಯುವುದೂ ಇಲ್ಲ. ಬಾಯಾರಿಕೆ ಆಗುವ ಮೊದಲೇ ಕುಡಿಸುತ್ತಿರಿ. ಬಾಟಲಿಯ ಬಣ್ಣದ ನೀರು ಬೇಡ. ಬೊಂಡ (ಎಳನೀರು) ಇದೆ, ಮಜ್ಜಿಗೆ ಇದೆ, ಮುರುಗಲು (ಕೋಕಂ) ಶರಬತ್ತು ಇದೆ. ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಅಥವಾ ತಂಬುಳಿ ಸಿಕ್ಕರೆ ಬಿಡಬೇಡಿ. ಮೇ ತಿಂಗಳಾಗಿದ್ದರೆ ಅಂಕೋಲಾದ ಕರಿ ಈಶಾಡ ಮಾವಿನಹಣ್ಣು ಕೇಳಿ ತಗೊಳ್ಳಿ. 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಹಣ್ಣು ಅದು. ಸಿಪ್ಪೆ ತೆಳ್ಳಗೆ, ತಿರುಳು ದಪ್ಪ.

ಬಿಸಿಲೇರುವ ಮೊದಲು ದೇವಸ್ಥಾನ ಮುಗಿಸಿ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಹೋಗುವ ದಾರಿಯಲ್ಲೇ ಮಕ್ಕಳಿಗೆ ಕತೆ ಹೇಳಿ: ರಾವಣ ಆತ್ಮಲಿಂಗ ತಂದದ್ದು, ವಟುವಿನ ವೇಷದ ಗಣಪತಿ ಮೂರು ಸಲ ಕರೆದು ಅದನ್ನು ನೆಲಕ್ಕಿಟ್ಟದ್ದು, ಸಿಟ್ಟಾದ ರಾವಣ ತಲೆಗೆ ಗುದ್ದಿದ್ದು. ಒಳಗೆ ಹೋದಾಗ ಗಣಪತಿಯ ತಲೆಯ ಮೇಲಿನ ಆ ತಗ್ಗನ್ನು ಮಕ್ಕಳೇ ಹುಡುಕುತ್ತಾರೆ. ಗಂಡಸರು ಒಂದು ಪಂಚೆ ಇಟ್ಟುಕೊಂಡಿರಿ.

ಊಟ ಆದಮೇಲೆ ಎಲ್ಲರೂ ಮಲಗಿ. ನಿಜವಾಗಿಯೂ ಮಲಗಿ.

6. ಎರಡನೇ ದಿನ: ಉಪ್ಪಿನ ಆಗರ, ದೋಣಿ

ಗೋಕರ್ಣಕ್ಕೆ ಬಂದ ಹತ್ತರಲ್ಲಿ ಒಂಬತ್ತು ಕುಟುಂಬ ಸಾಣಿಕಟ್ಟಾದ ಉಪ್ಪಿನ ಆಗರ ನೋಡದೆ ಹೋಗುತ್ತವೆ. ನನಗೆ ಅದೇ ಬೇಸರ. ಊರಿನಿಂದ ಆಟೋದಲ್ಲಿ ಸ್ವಲ್ಪ ದೂರ ಅಷ್ಟೇ. ಬೆಳಿಗ್ಗೆ ಏಳಕ್ಕೆ ಅಥವಾ ಸಂಜೆ ನಾಲ್ಕೂವರೆಗೆ ಹೋಗಿ. ಬೇಸಿಗೆಯೇ ಇಲ್ಲಿನ ಸುಗ್ಗಿ. ಮಳೆ ಬಿದ್ದ ದಿನ ಕೆಲಸ ನಿಲ್ಲುತ್ತದೆ.

ಅಘನಾಶಿನಿ ಹೊಳೆಯ ಬಾಯಿಂದ ಉಬ್ಬರದ ಜೊತೆ ಉಪ್ಪು ನೀರು ಒಳಗೆ ಬರುತ್ತದೆ. ಅದನ್ನು ಕಟ್ಟಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆರಿದಂತೆ ದಪ್ಪವಾಗುತ್ತದೆ. ಅದನ್ನು ಮುಂದಿನ ಕಟ್ಟೆಗೆ, ಅಲ್ಲಿಂದ ಕೊನೆಗೆ ತೆಳ್ಳನೆಯ ಮಡಿಗೆ ಬಿಡುತ್ತಾರೆ. ಅಲ್ಲಿ ಹರಳು ಕಟ್ಟುತ್ತದೆ. ಉದ್ದ ಕೋಲಿನ ಹಲಗೆಯಲ್ಲಿ ಎಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಬೆಳಿಗ್ಗೆ ಕಂಡ ಉಬ್ಬರವೇ ಇಲ್ಲಿ ಉಪ್ಪಾಗುತ್ತಿದೆ ಎಂದು ಮಕ್ಕಳಿಗೆ ಹೇಳಿ. ಬದುವಿನ ಮೇಲೆ ಮಾತ್ರ, ಕೇಳಿಕೊಂಡು ನಡೆಯಿರಿ. ಚಪ್ಪಲಿ ಹಾಕಿಕೊಂಡು ಮಡಿಗೆ ಇಳಿಯಬಾರದು. ಒಮ್ಮೆ ನಮ್ಮ ಹುಡುಗಿ ಗುಡ್ಡೆಯಿಂದ ಒಂದು ಹರಳು ತೆಗೆದು ಬಾಯಿಗೆ ಹಾಕಲು ಹೋದಳು. ಕೆಲಸ ಮಾಡುತ್ತಿದ್ದ ಅಜ್ಜಿ ತಡೆದರು. "ಈಗ್ಲೇ ತಿನ್ಬೇಡ ತಂಗಿ, ಇನ್ನೂ ಕಹಿ ಅದೆ. ನೀರು ಇಳ್ದು ಹೋಗ್ಲಿ." ಗುಡ್ಡೆಯಲ್ಲಿ ಬಿದ್ದಿದ್ದಷ್ಟೂ ದಿನ ಕಹಿ ನೀರು ಸೋರಿ ಹೋಗಿ ಉಪ್ಪು ರುಚಿಗೆ ಬರುತ್ತದಂತೆ. ಕಹಿಗೆ ಕಾರಣ ಕಡಲ ನೀರಿನಲ್ಲಿರುವ ಮೆಗ್ನೀಸಿಯಂ.

ಅಲ್ಲಿಂದ ತದಡಿ ಹತ್ತಿರ. ಬಂದರು ನೋಡಿ, ಆಚೆ ದಡದ ಅಘನಾಶಿನಿ ಊರಿಗೆ ಹೋಗುವ ದೋಣಿ ಹತ್ತಿ. ಅದು ಪ್ರವಾಸಿಗರ ದೋಣಿ ಅಲ್ಲ, ಊರವರು ದಿನಾ ಓಡಾಡುವ ದೋಣಿ. ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಎಲ್ಲ ಒಟ್ಟಿಗೆ. ಅಣೆಕಟ್ಟು ಇಲ್ಲದೆ ಶಿರಸಿಯ ಕಡೆಯಿಂದ ಹರಿದು ಬರುವ ಹೊಳೆ ಇದು. ಇದು ಕಡಲು ಸೇರುವ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುವವರು ಕಾಣುತ್ತಾರೆ, ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಮಕ್ಕಳನ್ನು ಅಂಚಿನಲ್ಲಿ ಕೂರಿಸಬೇಡಿ.

7. ಮೂರನೇ ದಿನ ಸಂಜೆ ಮಿರ್ಜಾನ್ ಕೋಟೆ

ಕುಮಟಾ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ನಾಲ್ಕು ಗಂಟೆಯ ನಂತರ ಹೋಗಿ, ಒಳಗೆ ನೆರಳು ಕಡಿಮೆ. ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಮೆಟ್ಟಿಲಿಳಿಯುವ ಬಾವಿ. ಕರಿಮೆಣಸಿನ ರಾಣಿ ಎಂದೇ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಕತೆ ಇಲ್ಲಿಯದು. ಮನೆಯ ಸಾಸಿವೆ ಡಬ್ಬಿಯಿಂದ ನಾಲ್ಕು ಕಾಳುಮೆಣಸು ಜೇಬಿನಲ್ಲಿ ತಂದಿರಿ. ಮಕ್ಕಳ ಅಂಗೈಯಲ್ಲಿಟ್ಟು, ಇದಕ್ಕಾಗಿ ಪೋರ್ಚುಗೀಸರು ಹಡಗು ಕಟ್ಟಿಕೊಂಡು ಇಲ್ಲಿಯವರೆಗೆ ಬಂದರು ಎಂದು ಹೇಳಿ. ಬಾವಿಯ ಹತ್ತಿರ ಮಾತ್ರ ಕೈ ಬಿಡಬೇಡಿ.

ರಾತ್ರಿ ಹತ್ತಿರದಲ್ಲೆಲ್ಲಾದರೂ ಯಕ್ಷಗಾನ ಇದೆಯಾ ಎಂದು ರೂಮಿನವರನ್ನು ವಿಚಾರಿಸಿ. ಮೇ ತಿಂಗಳವರೆಗೂ ಮೇಳಗಳ ತಿರುಗಾಟ ಇರುತ್ತದೆ. ಚೆಂಡೆಯ ಸದ್ದಿಗೆ ಮಕ್ಕಳು ಎಚ್ಚರವಾಗಿರುವಷ್ಟು ಹೊತ್ತು ಕೂತರೆ ಸಾಕು.

8. ವಾಪಸ್ ಹೋಗುವಾಗ ಒಂದು ಬಾಟಲಿ ಕಡಲು

ಹೊರಡುವ ದಿನ ಬೆಳಿಗ್ಗೆ ಅರ್ಧ ಲೀಟರ್ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಸಿಕೊಳ್ಳಿ. ಮನೆಗೆ ಹೋಗಿ ಬಟ್ಟೆಯಲ್ಲಿ ಸೋಸಿ, ಒಂದು ಲೋಟದಷ್ಟನ್ನು ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು ತಾರಸಿಯ ಬಿಸಿಲಿನಲ್ಲಿಡಿ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಂದು ಲೋಟಕ್ಕೆ ಒಂದು ಚಮಚಕ್ಕಿಂತ ಸ್ವಲ್ಪ ಜಾಸ್ತಿ ಬರಬೇಕು. ಎಷ್ಟು ಬರುತ್ತದೆ ಎಂದು ಮಕ್ಕಳ ಹತ್ತಿರ ಮೊದಲೇ ಅಂದಾಜು ಬರೆಸಿ. ಮೊದಲು ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ, ಆಮೇಲೆ ನಡುವೆ ಸಣ್ಣ ಸಣ್ಣ ಚೌಕದ ಹರಳು. ಭೂತಗನ್ನಡಿ ಇದ್ದರೆ ಮೂಲೆಗಳೂ ಕಾಣುತ್ತವೆ. ದಡದ ನೀರಾದ್ದರಿಂದ ತಿನ್ನುವುದು ಬೇಡ.

ಕೊನೆಯಲ್ಲಿ ತಟ್ಟೆಯ ತಳದಲ್ಲಿ ಒಂದಿಷ್ಟು ಪಸೆ ಎಷ್ಟು ಹೊತ್ತಾದರೂ ಆರದೆ ಉಳಿಯುತ್ತದೆ. ಸಾಣಿಕಟ್ಟಾದ ಅಜ್ಜಿ ಹೇಳಿದ ಕಹಿ ನೀರು ಅದೇ. ತಟ್ಟೆಯನ್ನು ಓರೆ ಮಾಡಿ ಅದನ್ನು ಬಸಿದುಬಿಡಿ, ಹರಳು ಉಳಿಯುತ್ತದೆ.