ಗಡಿಯಾಚೆ ಸತ್ತ ಮಂಗವೂ ನಮ್ಮ ನಕ್ಷೆಯಲ್ಲಿರಲಿ

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಆಮೇಲೆ ವಯನಾಡು, ಗೋವಾದಲ್ಲೂ ಕಂಡಿತು. ಇದನ್ನು ಹರಡುವ ಉಣುಗಿಗೆ ಗಡಿ ಇಲ್ಲ, ಅಲ್ವಾ? ಗುಂಡ್ಲುಪೇಟೆಯಲ್ಲಿ ಕೂತು ಬಂಡೀಪುರ, ವಯನಾಡು ಎರಡೂ ಕಡೆಯ ಮಂಗಗಳ ಸಾವು, ರೋಗಿಗಳ ಮಾಹಿತಿ ಒಂದೇ ನಕ್ಷೆಗೆ ಕೂಡಿಸುವಾಗ ಕಲಿತದ್ದನ್ನು ಹೇಳುತ್ತೇನೆ.

ಮಂಗ ಸತ್ತ ಜಾಗವನ್ನು ಡಬ್ಲ್ಯೂಜಿಎಸ್ 84 ಪದ್ಧತಿಯಲ್ಲೇ, ಅಂದರೆ ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶದಲ್ಲೇ ಬರೆಯಿರಿ. ಅವೆರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಒಮ್ಮೆ ಅವೆರಡು ಅದಲುಬದಲಾಗಿ ಬಂಡೀಪುರದ ಚುಕ್ಕೆಗಳೆಲ್ಲ ಆರ್ಕ್ಟಿಕ್ ಕಡೆಯ ಸಮುದ್ರಕ್ಕೆ ಬಿದ್ದವು. ಸರಿಮಾಡಲು ಇಡೀ ಸಂಜೆ ಹೋಯಿತು. ದೂರ ಅಳೆಯುವಾಗ ಮಾತ್ರ ಯುಟಿಎಂ 43 ಉತ್ತರಕ್ಕೆ, ಅಂದರೆ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿಯ ನಮ್ಮ ಕಡೆಯ ವಲಯಕ್ಕೆ ಬದಲಿಸಿ.

ಊರ ಹೆಸರನ್ನಷ್ಟೇ ನೆಚ್ಚಬೇಡಿ. ಮಲಯಾಳದಲ್ಲಿ, ಕನ್ನಡದಲ್ಲಿ ಬರೆಯುವ ರೀತಿ ಬೇರೆ. ಜನಗಣತಿಯ ಊರಿನ ಸಂಖ್ಯೆ ಹಾಕಿ. ದಿನಾಂಕದಲ್ಲಿ ವರ್ಷ ಮೊದಲು.

ರೋಗಿಯ ಮನೆಯ ಚುಕ್ಕೆಯನ್ನಂತೂ ಎಂದೂ ಕಳಿಸಬೇಡಿ. ಊರಿನ ಲೆಕ್ಕ ಸಾಕು. ಆದಿವಾಸಿಗಳ ಹಾಡಿಯಲ್ಲಿ ನಾಲ್ಕೇ ಮನೆಯಿದ್ದರೆ ರೋಗಿ ಯಾರೆಂದು ಗೊತ್ತಾಗಿಬಿಡುತ್ತದೆ; ಅದೂ ಬೇಡ, ಪಂಚಾಯಿತಿ ಲೆಕ್ಕಕ್ಕೆ ಸೇರಿಸಿ.