ಕೆಆರ್‌ಎಸ್ ಸುದ್ದಿ ಓದುವಾಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ

ಮಳೆಗಾಲ ಶುರುವಾದರೆ ಸಾಕು, ಪೇಪರಿನ ಮೂಲೆಯಲ್ಲಿ ಆ ಪುಟ್ಟ ಪಟ್ಟಿ ಬರುತ್ತದೆ: ಇಂದಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯುಸೆಕ್, ಸಂಗ್ರಹ ಇಷ್ಟು ಟಿಎಂಸಿ. ಅಡಿ ಎಲ್ಲರಿಗೂ ಗೊತ್ತು. ಉಳಿದೆರಡನ್ನು ಸುಮ್ನೆ ದಾಟಿ ಹೋಗುತ್ತೇವೆ. ಕಾವೇರಿ ಗಲಾಟೆ ಎದ್ದಾಗ ಜಗಳವೆಲ್ಲ ನಡೆಯುವುದು ಮಾತ್ರ ಆ ಎರಡರಲ್ಲೇ.

ಮೊದಲು ಇವೆರಡನ್ನು ಬೇರೆ ಮಾಡಿಕೊಳ್ಳಿ. ಕ್ಯುಸೆಕ್ ಎಂದರೆ ಹರಿಯುವ ನೀರಿನ ಲೆಕ್ಕ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಟಿಎಂಸಿ ಎಂದರೆ ಒಟ್ಟು ನೀರಿನ ಲೆಕ್ಕ, 100 ಕೋಟಿ ಘನ ಅಡಿ. ನಲ್ಲಿ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ಒಂದು, ಡ್ರಮ್ಮಿನಲ್ಲಿ ಎಷ್ಟಿದೆ ಅನ್ನುವುದು ಇನ್ನೊಂದು, ಅಲ್ವಾ?

ಹಾಗಾಗಿ ‘5,000 ಕ್ಯುಸೆಕ್ ಬಿಡುಗಡೆ’ ಎಂಬ ಶೀರ್ಷಿಕೆ ಕಂಡ ಕೂಡಲೇ ಕೇಳಿಕೊಳ್ಳಿ: ಎಷ್ಟು ದಿನ? ಅದಿಲ್ಲದೆ ಎಷ್ಟು ನೀರು ಹೋಯಿತೆಂದು ಯಾರೂ ಹೇಳಲಾರರು. ‘ದಿನಕ್ಕೆ 5,000 ಕ್ಯುಸೆಕ್‌ನಂತೆ’ ಎಂದು ಬರೆಯುವ ಅಭ್ಯಾಸ ಬೇರೆ ಇದೆ. ಅದನ್ನು ಓದಿದವರು ದಿನವಿಡೀ ಸೇರಿ ಅಷ್ಟೇ ನೀರು ಅಂದುಕೊಳ್ಳುತ್ತಾರೆ, ಆದರೆ ಅಷ್ಟು ಹೋಗುವುದು ಒಂದೊಂದು ಸೆಕೆಂಡಿಗೂ.

ದಿನ ಸಿಕ್ಕಿತಾ? ಈಗ ಗುಣಿಸಿ, ಬಂದದ್ದನ್ನು 11,574ರಿಂದ ಭಾಗಿಸಿ. ದಿನಕ್ಕೆ 86,400 ಸೆಕೆಂಡು, ಆ ಲೆಕ್ಕದಲ್ಲಿ 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಬಾಯಿಲೆಕ್ಕಕ್ಕೆ 12,000 ಅಂದುಕೊಂಡರೂ ನಡೆಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ಬಿಡಿ ಎಂದು ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು 15,000 ಕ್ಯುಸೆಕ್, 10 ದಿನ. ಅಂದರೆ ಸುಮಾರು 13 ಟಿಎಂಸಿ. (ಆಮೇಲೆ ಅದು 12,000ಕ್ಕೆ ಇಳಿಯಿತು.) 2023ರ ಬರದಲ್ಲಿ ಬಂದ ಆದೇಶ 5,000 ಕ್ಯುಸೆಕ್, 15 ದಿನ: ಸುಮಾರು 6.5 ಟಿಎಂಸಿ. ಕೆಆರ್‌ಎಸ್ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಈಗ ಆ 13 ಎಷ್ಟು ದೊಡ್ಡದು ಅನ್ನುವುದು ಕಣ್ಣಿಗೆ ಕಟ್ಟುತ್ತದೆ. ಹಾಗಂತ ಪೂರ್ತಿ ಕೆಆರ್‌ಎಸ್‌ನಿಂದಲೇ ಹೋಯಿತು ಅನ್ನಬೇಡಿ. ಅಳೆಯುವುದು ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ, ಕಬಿನಿ ನೀರೂ ಅಲ್ಲಿ ಸೇರಿರುತ್ತದೆ.

ಇನ್ನು ಅಡಿ. ಜಾಸ್ತಿ ಜನ ಮೋಸ ಹೋಗುವುದು, ನಾನೂ ಹೋಗಿದ್ದು, ಇಲ್ಲೇ. ಗರಿಷ್ಠ ಮಟ್ಟ 124.80 ಅಡಿ. ‘ನೂರು ಅಡಿ ದಾಟಿತು’ ಅಂದರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿತು ಅನ್ನಿಸುತ್ತದೆ, ಆದರೆ ನೂರು ಅಡಿಯಲ್ಲಿ ಇರುವುದು ಅರ್ಧಕ್ಕೂ ಕಡಿಮೆ ನೀರು. ಅಣೆಕಟ್ಟೆ ಡ್ರಮ್ಮಿನ ಹಾಗೆ ನೇರವಾಗಿಲ್ಲ, ಬಾಣಲೆ ಹಾಗೆ ಮೇಲೆ ಅಗಲ. ತಳದ ಒಂದಡಿಗೂ ಮೇಲಿನ ಒಂದಡಿಗೂ ಭಾರೀ ವ್ಯತ್ಯಾಸ. ಪಟ್ಟಿಯಲ್ಲಿ ಅಡಿ ಬಿಟ್ಟು ಟಿಎಂಸಿ ನೋಡಿ. ಅದರಲ್ಲೂ ತಳದ ಸ್ವಲ್ಪ ನೀರು ಡೆಡ್ ಸ್ಟೋರೇಜ್, ಬಳಕೆಗೆ ಸಿಗುವುದಿಲ್ಲ.

‘ಕಳೆದ ವರ್ಷದ ದುಪ್ಪಟ್ಟು’ ಅಂತ ಬಂದರೆ ಕಳೆದ ವರ್ಷ ಹೇಗಿತ್ತೆಂದು ನೆನಪಿಸಿಕೊಳ್ಳಿ. 2023ರ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ವರ್ಷವೂ ಚೆನ್ನಾಗೇ ಕಾಣುತ್ತದೆ.

ಕೈ ಪಳಗಬೇಕಾದರೆ ಜುಲೈನಲ್ಲಿ ಹೀಗೆ ಮಾಡಿ: ಇವತ್ತಿನ ಒಳಹರಿವಿನಲ್ಲಿ ಹೊರಹರಿವು ಕಳೆದು, ಉಳಿದದ್ದನ್ನು 11,574ರಿಂದ ಭಾಗಿಸಿ ಬರೆದಿಡಿ. ನಾಳೆಯ ಪೇಪರಿನಲ್ಲಿ ಸಂಗ್ರಹ ಹೆಚ್ಚುಕಡಿಮೆ ಅಷ್ಟೇ ಏರಿರಬೇಕು. ಏರದಿದ್ದರೆ ರಾತ್ರಿ ಒಳಹರಿವು ಬದಲಾಗಿರಬಹುದು, ಇಲ್ಲವೇ ಪೇಪರಿನವರು ಒಂದು ಸೊನ್ನೆ ನುಂಗಿರಬಹುದು.